ತೈಲ ಮತ್ತು ಇಂಧನ ಸೋರಿಕೆ: ತುರ್ತು ಕ್ರಮಗಳು ಹಾಗೂ ಶುಚಿಗೊಳಿಸುವ ವಿಧಾನಗಳು

(ಸಾರ್ವಜನಿಕರು, ಮೀನುಗಾರರು, ವಾಹನ ಚಾಲಕರು ಹಾಗೂ ಸ್ಥಳೀಯ ಸಂಸ್ಥೆಗಳ ಮಾಹಿತಿಗಾಗಿ)

1. ಪೀಠಿಕೆ

2006ನೇ ಇಸವಿಯ ಮೇ 30ರಂದು ಎಂ.ವಿ. ಓಷನ್ ಸೆರಾಯಾ ಎಂಬ ಸರಕು ಹಡಗು ಕಾರವಾರದ ತೀರದ ಸಮೀಪ ತಳ ತಾಗಿ ಸಿಕ್ಕಿಕೊಂಡಿತು. ಅದು ತೈಲ ಸಾಗಿಸುವ ಹಡಗಾಗಿರಲಿಲ್ಲ. ಆದರೂ ಸುಮಾರು 650 ಟನ್ ತೈಲವು ಸಮುದ್ರದ ಪಾಲಾಯಿತು. ಇದು ಹಡಗಿನ ಸ್ವಂತ ಬಳಕೆಗೆಂದು ತುಂಬಿಸಿಕೊಂಡಿದ್ದ ಇಂಧನವಾಗಿತ್ತು. ಮುಂಗಾರಿನ ಗಾಳಿ ಮತ್ತು ಅಲೆಗಳು ಈ ತೈಲವನ್ನು ಉತ್ತರಕ್ಕೆ ಒಯ್ದು ದಕ್ಷಿಣ ಗೋವಾದ ಕಡಲತೀರಗಳವರೆಗೂ ಹರಡಿದವು.

ಹತ್ತೊಂಬತ್ತು ವರ್ಷಗಳ ನಂತರ, 2025ರ ಮೇ 25ರಂದು, ಎಂ.ಎಸ್.ಸಿ. ಎಲ್ಸಾ 3 ಎಂಬ ಕಂಟೇನರ್ ಹಡಗು ಕೇರಳದ ಕೊಚ್ಚಿಯ ಸಮೀಪದ ಸಮುದ್ರದಲ್ಲಿ ಮುಳುಗಿತು. ಅದರಲ್ಲಿಯೂ ಸರಕಿನ ಜೊತೆಗೆ ಸುಮಾರು 84 ಟನ್ ಡೀಸೆಲ್ ಮತ್ತು 367 ಟನ್ ಫರ್ನೇಸ್ ತೈಲವಿತ್ತು. ಎರಡೂ ಘಟನೆಗಳು ಮುಂಗಾರಿನ ಹೊಸ್ತಿಲಲ್ಲಿ, ಅಂದರೆ ಸಮುದ್ರದಲ್ಲಿ ತೈಲವನ್ನು ತಡೆಯುವುದು ಅತ್ಯಂತ ಕಷ್ಟವಾಗುವ ಕಾಲದಲ್ಲಿಯೇ ಸಂಭವಿಸಿರುವುದು ಗಮನಾರ್ಹ.

ತೈಲ ಸೋರಿಕೆಯು ಸಮುದ್ರಕ್ಕೆ ಮಾತ್ರ ಸೀಮಿತವಾದ ವಿಪತ್ತಲ್ಲ. ಘಟ್ಟದ ರಸ್ತೆಯಲ್ಲಿ ಉರುಳಿದ ಟ್ಯಾಂಕರ್, ತುಕ್ಕು ಹಿಡಿದ ಭೂಗತ ತೊಟ್ಟಿ, ಜನರೇಟರಿನ ಪಕ್ಕದಲ್ಲಿ ಮಗುಚಿದ ಡೀಸೆಲ್ ಪೀಪಾಯಿ, ಚರಂಡಿಗೆ ಸುರಿದ ಹಳೆಯ ಎಂಜಿನ್ ಎಣ್ಣೆ ಇವೆಲ್ಲವೂ ಇದೇ ವರ್ಗಕ್ಕೆ ಸೇರುತ್ತವೆ. ಪ್ರಮಾಣ ಎಷ್ಟೇ ಇರಲಿ, ಅನುಸರಿಸಬೇಕಾದ ಕ್ರಮ ಒಂದೇ: ಮೊದಲು ಜೀವರಕ್ಷಣೆ, ನಂತರ ಸೋರಿಕೆಯನ್ನು ನಿಲ್ಲಿಸುವುದು, ಹರಡದಂತೆ ತಡೆಯುವುದು, ತೈಲವನ್ನು ಸಂಗ್ರಹಿಸುವುದು, ಕೊನೆಯದಾಗಿ ಸಂಗ್ರಹಿಸಿದ್ದನ್ನು ಸುರಕ್ಷಿತವಾಗಿ ವಿಲೇವಾರಿ ಮಾಡುವುದು.

ಸಾಮಾನ್ಯವಾಗಿ ಜನರಿಗೆ ಮೊದಲು ಹೊಳೆಯುವ ಉಪಾಯವೆಂದರೆ ನೀರು ಹಾಯಿಸಿ ತೊಳೆಯುವುದು. ಇದು ತಪ್ಪು ಕ್ರಮ. ಚೆಲ್ಲಿದ ತೈಲವನ್ನು ತೊಳೆದರೆ ಅದು ಇಲ್ಲವಾಗುವುದಿಲ್ಲ. ರಸ್ತೆಯಿಂದ ಚರಂಡಿಗೆ, ಚರಂಡಿಯಿಂದ ಹೊಳೆಗೆ, ಹೊಳೆಯಿಂದ ಅಳಿವೆಗೆ ಹೋಗುತ್ತದೆ. ಪ್ರತಿ ಹಂತದಲ್ಲಿಯೂ ಅದು ಹೆಚ್ಚು ವಿಸ್ತಾರಕ್ಕೆ ಹರಡಿ, ಸಂಗ್ರಹಿಸಲು ಹೆಚ್ಚು ಕಷ್ಟವಾಗುತ್ತದೆ. ಒಂದು ಲೀಟರ್ ತೈಲವು ನೀರಿನ ಮೇಲೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ತೆಳುವಾಗಿ ಹರಡಿದರೆ 1,000 ಚದರ ಮೀಟರ್, ಅಂದರೆ ಸುಮಾರು 10 ಗುಂಟೆ ವಿಸ್ತೀರ್ಣವನ್ನು ಆವರಿಸುತ್ತದೆ. ಬಕೆಟ್ಟಿನಲ್ಲಿ ಎತ್ತಬಹುದಾಗಿದ್ದ ತೈಲವನ್ನು ನೀರಿಗೆ ಬಿಟ್ಟ ನಂತರ ಮರಳಿ ಪಡೆಯುವುದು ಏಕೆ ದುಸ್ತರ ಎಂಬುದು ಇದರಿಂದ ವಿದಿತವಾಗುತ್ತದೆ.

2. ತೈಲದ ವಿಧಗಳು ಮತ್ತು ಅವುಗಳ ಅಪಾಯ

ಸೋರಿಕೆಯಾದ ತೈಲ ಯಾವುದೆಂದು ತಿಳಿಯದೆ ಕೈಗೊಳ್ಳುವ ಕ್ರಮವು ಅಪಾಯಕ್ಕೆ ದಾರಿ ಮಾಡಿಕೊಡಬಹುದು. ಸಾರ್ವಜನಿಕರ ತಿಳಿವಳಿಕೆಗಾಗಿ ತೈಲಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು.

(ಅ) ಪೆಟ್ರೋಲ್: ಅತಿ ಬೇಗ ಆವಿಯಾಗುತ್ತದೆ. ಇದರ ಆವಿಯು ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರವಾಗಿರುವುದರಿಂದ ಮೇಲೇರದೆ ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ; ತಗ್ಗು, ಚರಂಡಿ, ಮೋರಿ ಹಾಗೂ ಕಟ್ಟಡಗಳ ನೆಲಮಾಳಿಗೆಗಳಲ್ಲಿ ಸಂಗ್ರಹವಾಗುತ್ತದೆ. ಗಾಳಿಯಲ್ಲಿ ಶೇಕಡಾ 1.4ರಿಂದ 7.6ರಷ್ಟು ಪೆಟ್ರೋಲ್ ಆವಿ ಬೆರೆತಿದ್ದರೆ ಒಂದು ಸಣ್ಣ ಕಿಡಿಯಿಂದಲೂ ಹೊತ್ತಿಕೊಳ್ಳುತ್ತದೆ. ಬೆಂಕಿಯು ದೂರದಲ್ಲಿ ಹತ್ತಿ, ಆವಿಯ ಜಾಡು ಹಿಡಿದು ಸೋರಿಕೆಯ ಮೂಲಕ್ಕೆ ಹಿಂದಿರುಗುವ ಸಂಭವವಿದೆ. ಇಲ್ಲಿ ಮುಖ್ಯ ಅಪಾಯ ಬೆಂಕಿ.

(ಆ) ಡೀಸೆಲ್ ಮತ್ತು ಸೀಮೆಎಣ್ಣೆ: ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲವಾದರೂ ಬಿಸಿಯಾದ ಎಂಜಿನ್ ಅಥವಾ ಜ್ವಾಲೆಯ ಸಂಪರ್ಕದಲ್ಲಿ ಉರಿಯುತ್ತವೆ. ನಿಧಾನವಾಗಿ ಆವಿಯಾಗುವುದರಿಂದ ಮಣ್ಣಿನೊಳಗೆ ಆಳಕ್ಕೆ ಇಳಿದು ಅಂತರ್ಜಲವನ್ನು ಸೇರುತ್ತವೆ. ರಸ್ತೆಯ ಮೇಲೆ ಚೆಲ್ಲಿದ ಡೀಸೆಲ್ ಜಾರುವಿಕೆಯಿಂದಾಗಿ ದ್ವಿಚಕ್ರ ವಾಹನ ಸವಾರರಿಗೆ ವಿಶೇಷವಾಗಿ ಅಪಾಯಕಾರಿ.

(ಇ) ಫರ್ನೇಸ್ ತೈಲ ಮತ್ತು ಕಚ್ಚಾತೈಲ: ಫರ್ನೇಸ್ ತೈಲವು ಕಪ್ಪಗೆ, ದಪ್ಪಗೆ ಇದ್ದು ಬಹುಕಾಲ ಉಳಿಯುತ್ತದೆ. ಅಲೆಗಳ ಹೊಡೆತಕ್ಕೆ ಇದರಲ್ಲಿ ಸಮುದ್ರದ ನೀರು ಬೆರೆತು ಕಂದುಬಣ್ಣದ ಅಂಟು ಮುದ್ದೆಯಾಗುತ್ತದೆ. ಆಗ ಅದರ ಗಾತ್ರವು ಮೂಲ ತೈಲದ ಮೂರು ನಾಲ್ಕು ಪಟ್ಟು ಹೆಚ್ಚಬಹುದು. ಕಾಲಕ್ರಮೇಣ ಈ ಮುದ್ದೆಗಳು ಒಡೆದು ಗಟ್ಟಿಯಾಗಿ, ಮುಂಗಾರಿನ ಆಸುಪಾಸಿನಲ್ಲಿ ಪಶ್ಚಿಮ ಕರಾವಳಿಯ ಮರಳಿನ ಮೇಲೆ ಕಾಣಸಿಗುವ ಡಾಂಬರಿನಂತಹ ಉಂಡೆಗಳಾಗುತ್ತವೆ. ಕಚ್ಚಾತೈಲದ ಸ್ವಭಾವವು ಅದರ ಮೂಲವನ್ನು ಅವಲಂಬಿಸಿದೆ. ಹೊಸದಾಗಿ ಸೋರಿದಾಗ ಅದರಿಂದ ಸುಲಭವಾಗಿ ಹೊತ್ತಿಕೊಳ್ಳುವ ಆವಿಯೂ ಹೊರಬರುತ್ತದೆ.

3. ರಸ್ತೆಯಲ್ಲಿ ಇಂಧನ ಟ್ಯಾಂಕರ್ ಉರುಳಿದಾಗ

2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲ್‌ಪುರದ ಸಮೀಪ ಪೆಟ್ರೋಲ್ ಟ್ಯಾಂಕರ್ ಒಂದು ಹೆದ್ದಾರಿಯಲ್ಲಿ ಉರುಳಿತು. ಸುತ್ತಲಿನ ಗ್ರಾಮಗಳ ನೂರಾರು ಜನರು ಕೊಡ, ಬಕೆಟ್, ಬಾಟಲಿಗಳೊಂದಿಗೆ ಧಾವಿಸಿ ಹರಿಯುತ್ತಿದ್ದ ಪೆಟ್ರೋಲನ್ನು ತುಂಬಿಕೊಳ್ಳತೊಡಗಿದರು. ಅಷ್ಟರಲ್ಲಿ ಹೊತ್ತಿಕೊಂಡ ಬೆಂಕಿಗೆ 200ಕ್ಕೂ ಹೆಚ್ಚು ಜನರು ಬಲಿಯಾದರು. ಇವರಲ್ಲಿ ಹೆಚ್ಚಿನವರನ್ನು ಕೊಂದದ್ದು ಅಪಘಾತವಲ್ಲ, ಇಂಧನ ಸಂಗ್ರಹಿಸುವ ಪ್ರಯತ್ನ. ಟ್ಯಾಂಕರ್ ಉರುಳಿದ ಸ್ಥಳದಲ್ಲಿ ಇಂಧನ ತುಂಬಿಕೊಳ್ಳಲು ಹೋಗುವುದು ಪ್ರಾಣಾಪಾಯವನ್ನು ಆಹ್ವಾನಿಸಿದಂತೆ.

ಅಪಾಯಕಾರಿ ವಸ್ತುಗಳನ್ನು ಸಾಗಿಸುವ ವಾಹನಗಳ ಮೇಲೆ ಕಾನೂನಿನ ಪ್ರಕಾರ ಒಂದು ತುರ್ತು ಮಾಹಿತಿ ಫಲಕವಿರುತ್ತದೆ. ಅದರಲ್ಲಿ ವಸ್ತುವಿನ ಹೆಸರು, ನಾಲ್ಕು ಅಂಕಿಗಳ ಯು.ಎನ್. ಸಂಖ್ಯೆ, ಅಪಾಯ ಸೂಚಿಸುವ ಚಿಹ್ನೆ ಮತ್ತು ತುರ್ತು ದೂರವಾಣಿ ಸಂಖ್ಯೆ ನಮೂದಾಗಿರುತ್ತವೆ. ವಾಹನದ ಬಳಿಗೆ ಹೋಗದೆ, ದೂರದಿಂದಲೇ ಈ ಸಂಖ್ಯೆಯನ್ನು ಓದಿ ಅಗ್ನಿಶಾಮಕ ಠಾಣೆಗೆ ತಿಳಿಸಿದರೆ ಅವರು ತಕ್ಕ ಸಿದ್ಧತೆಯೊಂದಿಗೆ ಬರಲು ಸಾಧ್ಯವಾಗುತ್ತದೆ. ಸಾಮಾನ್ಯವಾಗಿ ಕಂಡುಬರುವ ಸಂಖ್ಯೆಗಳು ಈ ಕೆಳಗಿನಂತಿವೆ.

1203 – ಪೆಟ್ರೋಲ್
1202 – ಡೀಸೆಲ್
1223 – ಸೀಮೆಎಣ್ಣೆ
1863 – ವಿಮಾನ ಇಂಧನ
1075 – ಅಡುಗೆ ಅನಿಲ (ಎಲ್.ಪಿ.ಜಿ.)

ಸ್ಥಳದಲ್ಲಿರುವವರು ಅನುಸರಿಸಬೇಕಾದ ಕ್ರಮಗಳು:

• ಸೋರಿಕೆಯ ಸುತ್ತ ಕನಿಷ್ಠ 50 ಮೀಟರ್ ಪ್ರದೇಶವನ್ನು ತೆರವುಗೊಳಿಸಬೇಕು. ಪೆಟ್ರೋಲ್ ಹೆಚ್ಚಿನ ಪ್ರಮಾಣದಲ್ಲಿ ಸೋರುತ್ತಿದ್ದಲ್ಲಿ ಗಾಳಿ ಬೀಸುವ ದಿಕ್ಕಿನಲ್ಲಿ 300 ಮೀಟರ್‌ವರೆಗೆ ಜನರನ್ನು ಸ್ಥಳಾಂತರಿಸಬೇಕು. ಟ್ಯಾಂಕರಿಗೇ ಬೆಂಕಿ ತಗುಲಿದಲ್ಲಿ ಎಲ್ಲ ದಿಕ್ಕುಗಳಲ್ಲಿಯೂ 800 ಮೀಟರ್ ದೂರ ಸರಿಯಬೇಕು.
• ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ, ಎತ್ತರದ ಜಾಗಕ್ಕೆ ಹೋಗಬೇಕು. ತಗ್ಗಿನಲ್ಲಿ ನಿಲ್ಲಬಾರದು.
• ಬೀಡಿ, ಸಿಗರೇಟು, ಬೆಂಕಿಕಡ್ಡಿ ಬಳಸಬಾರದು. ಸಮೀಪದ ಹೋಟೆಲು, ಮನೆಗಳ ಒಲೆಗಳನ್ನು ಆರಿಸುವಂತೆ ತಿಳಿಸಬೇಕು. ಆವಿ ಹರಡಿರುವ ಜಾಗದಲ್ಲಿ ವಾಹನ ಚಾಲೂ ಮಾಡುವುದಾಗಲಿ, ವಿದ್ಯುತ್ ಸ್ವಿಚ್ ಹಾಕುವುದು ಅಥವಾ ಆರಿಸುವುದಾಗಲಿ ಕೂಡದು.
• ಮೊಬೈಲ್ ದೂರವಾಣಿಯನ್ನು ಸುರಕ್ಷಿತ ದೂರಕ್ಕೆ ಹೋದ ನಂತರವೇ ಬಳಸಬೇಕು. ಛಾಯಾಚಿತ್ರ ತೆಗೆಯಲು ಸಮೀಪಿಸಬಾರದು.
• ಎರಡೂ ದಿಕ್ಕುಗಳಿಂದ ಬರುವ ವಾಹನಗಳನ್ನು ದೂರದಲ್ಲಿಯೇ ತಡೆಯಬೇಕು. ಘಟ್ಟದ ತಿರುವುಗಳಲ್ಲಿ ಇದು ಅತ್ಯಗತ್ಯ.
• ಉರಿಯುತ್ತಿರುವ ಪೆಟ್ರೋಲ್ ಅಥವಾ ಡೀಸೆಲ್ ಮೇಲೆ ನೀರು ಎರಚಬಾರದು. ತೈಲವು ನೀರಿನ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ದೂರ ಒಯ್ಯುತ್ತದೆ. ಅಗ್ನಿಶಾಮಕ ಸಿಬ್ಬಂದಿ ಇಂತಹ ಬೆಂಕಿಯನ್ನು ನೊರೆಯ ಹೊದಿಕೆಯಿಂದ ನಂದಿಸುತ್ತಾರೆ.

ಫಲಕದ ಮೇಲೆ 1075 ಸಂಖ್ಯೆ ಇದ್ದಲ್ಲಿ ಅದು ಒತ್ತಡದಲ್ಲಿರುವ ಅನಿಲ. ಅಂತಹ ಸಂದರ್ಭದಲ್ಲಿ ಯಾವುದೇ ತಡೆ ಅಥವಾ ಸಂಗ್ರಹಣೆಯ ಪ್ರಯತ್ನ ಮಾಡದೆ, ಇನ್ನೂ ಹೆಚ್ಚು ದೂರಕ್ಕೆ ಸರಿಯುವುದೊಂದೇ ಮಾರ್ಗ. 2013ರ ಏಪ್ರಿಲ್ 9ರಂದು ದಕ್ಷಿಣ ಕನ್ನಡ ಜಿಲ್ಲೆಯ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಹೊತ್ತಿಕೊಂಡಾಗ ರಸ್ತೆ ಬದಿಯ ಮನೆಗಳಲ್ಲಿದ್ದವರೂ ಪ್ರಾಣ ಕಳೆದುಕೊಂಡದ್ದನ್ನು ಇಲ್ಲಿ ಸ್ಮರಿಸಬಹುದು.

4. ನೆಲದ ಮೇಲೆ ಹರಿಯುವ ಇಂಧನವನ್ನು ತಡೆಯುವುದು

ಬೆಂಕಿಯ ಅಪಾಯವಿಲ್ಲವೆಂದು ಅಗ್ನಿಶಾಮಕ ಅಧಿಕಾರಿಗಳು ಖಚಿತಪಡಿಸಿದ ನಂತರ, ಅಥವಾ ಸೋರಿಕೆಯು ಡೀಸೆಲ್, ಎಂಜಿನ್ ಎಣ್ಣೆಯಂತಹ ಸಣ್ಣ ಪ್ರಮಾಣದ್ದಾಗಿದ್ದಲ್ಲಿ, ಈ ಕೆಳಕಂಡ ಕ್ರಮಗಳನ್ನು ಕೈಗೊಳ್ಳಬಹುದು.

ಮೊದಲನೆಯದಾಗಿ, ತೈಲವು ಹರಿಯುತ್ತಿರುವ ಇಳಿಜಾರಿನ ಕೆಳಭಾಗದಲ್ಲಿ ಮಣ್ಣು ಅಥವಾ ಮರಳಿನ ಏರಿಯನ್ನು ಅರ್ಧಚಂದ್ರಾಕಾರದಲ್ಲಿ ಹಾಕಬೇಕು. ಸಮೀಪದ ಚರಂಡಿ ಮತ್ತು ಮೋರಿಗಳ ಬಾಯಿಯನ್ನು ಮರಳು ಚೀಲಗಳಿಂದ ಮುಚ್ಚಬೇಕು. ತೈಲವು ಚರಂಡಿ ಸೇರುವ ಮುನ್ನ ದೊರೆಯುವ ಕೆಲವೇ ನಿಮಿಷಗಳು ಇಡೀ ಕಾರ್ಯಾಚರಣೆಯಲ್ಲಿ ಅತ್ಯಂತ ಅಮೂಲ್ಯವಾದವು.

ಎರಡನೆಯದಾಗಿ, ತಡೆದು ನಿಲ್ಲಿಸಿದ ತೈಲದ ಮೇಲೆ ಒಣ ಮರಳನ್ನು ಹರಡಿ ಹೀರುವಂತೆ ಮಾಡಿ, ಸಲಿಕೆಯಿಂದ ಎತ್ತಿ ಮುಚ್ಚಳವಿರುವ ಪೀಪಾಯಿಗಳಿಗೆ ತುಂಬಬೇಕು. ಡೀಸೆಲ್ ಮತ್ತು ಎಂಜಿನ್ ಎಣ್ಣೆಗೆ ಮರದ ಹೊಟ್ಟು, ತೆಂಗಿನ ನಾರಿನ ಪುಡಿಯನ್ನೂ ಬಳಸಬಹುದು. ಪೆಟ್ರೋಲಿಗೆ ಇವು ಸೂಕ್ತವಲ್ಲ, ಏಕೆಂದರೆ ಇವು ಸ್ವತಃ ಉರಿಯುವ ವಸ್ತುಗಳು. ಪೆಟ್ರೋಲ್ ಹೀರಿದ ಮರಳು ಕೂಡ ಹೊತ್ತಿಕೊಳ್ಳಬಲ್ಲದು ಎಂಬುದನ್ನು ಮರೆಯಬಾರದು.

ಮೂರನೆಯದಾಗಿ, ತೈಲವು ಈಗಾಗಲೇ ತೋಡು ಅಥವಾ ಹಳ್ಳವನ್ನು ಸೇರಿದ್ದಲ್ಲಿ, ನೀರನ್ನು ಹರಿಯಲು ಬಿಟ್ಟು ತೈಲವನ್ನು ಮಾತ್ರ ತಡೆಯುವ ಒಡ್ಡನ್ನು ನಿರ್ಮಿಸಬಹುದು. ಕರಾವಳಿಯ ಕೃಷಿಕರು ತೋಡಿಗೆ ಹಾಕುವ ತಾತ್ಕಾಲಿಕ ಕಟ್ಟದಂತೆಯೇ ಮಣ್ಣು ಮತ್ತು ಮರಳು ಚೀಲಗಳಿಂದ ಕಟ್ಟವನ್ನು ಕಟ್ಟಿ, ಅದರ ಮೂಲಕ ಕೊಳವೆಗಳನ್ನು ಓರೆಯಾಗಿ ಹಾಯಿಸಬೇಕು. ಕೊಳವೆಯ ಒಳಬಾಯಿ ನೀರಿನ ತಳದ ಸಮೀಪದಲ್ಲಿಯೂ ಹೊರಬಾಯಿ ಅದಕ್ಕಿಂತ ಎತ್ತರದಲ್ಲಿಯೂ ಇರಬೇಕು. ತೈಲವು ಮೇಲೆ ತೇಲುವುದರಿಂದ ತಳದ ನೀರು ಮಾತ್ರ ಕೊಳವೆಯ ಮೂಲಕ ಹೊರಹೋಗಿ, ತೈಲವು ಕಟ್ಟದ ಹಿಂದೆ ಉಳಿಯುತ್ತದೆ. ಒಂದರ ಕೆಳಗೊಂದರಂತೆ ಎರಡು ಮೂರು ಕಟ್ಟಗಳಿದ್ದಲ್ಲಿ ಫಲಿತಾಂಶ ಉತ್ತಮ. ಮೇಲ್ಭಾಗದಲ್ಲಿ ಒಣಹುಲ್ಲಿನ ಕಂತೆಗಳನ್ನು ತೇಲಿಬಿಟ್ಟು ತೈಲ ಹೀರಿಸಬಹುದು.

ಸಾಬೂನು ಪುಡಿ, ಡಿಟರ್ಜೆಂಟ್ ಹಾಕಿ ರಸ್ತೆಯನ್ನು ತೊಳೆಯಬಾರದು. ಸಾಬೂನು ತೈಲವನ್ನು ಸಣ್ಣ ಹನಿಗಳಾಗಿ ಒಡೆದು ನೀರಿನೊಂದಿಗೆ ಬೆರೆಸುತ್ತದೆ. ನಂತರ ಯಾವ ಕಟ್ಟವೂ ಅದನ್ನು ತಡೆಯಲಾರದು.

5. ಬಾವಿ ಮತ್ತು ಕೊಳವೆ ಬಾವಿಗಳಲ್ಲಿ ಇಂಧನದ ವಾಸನೆ ಕಂಡುಬಂದಲ್ಲಿ

ಕರಾವಳಿಯ ಮುರಕಲ್ಲಿನ ನೆಲದಲ್ಲಿ ರಂಧ್ರಗಳು ಹೆಚ್ಚಾಗಿರುವುದರಿಂದ ಮೇಲೆ ಚೆಲ್ಲಿದ ಇಂಧನವು ಸುಲಭವಾಗಿ ಕೆಳಗಿಳಿದು ತೆರೆದ ಬಾವಿಗಳನ್ನು ಸೇರುವ ಸಾಧ್ಯತೆ ಇದೆ. ಹಲವು ಸಂದರ್ಭಗಳಲ್ಲಿ ಭೂಗತ ತೊಟ್ಟಿ ಅಥವಾ ಕೊಳವೆ ಮಾರ್ಗದ ಸೋರಿಕೆಯನ್ನು ಮೊದಲು ಗುರುತಿಸುವವರು ಬಾವಿಯಿಂದ ನೀರು ಸೇದುವವರೇ ಆಗಿರುತ್ತಾರೆ.

• ನೀರಿನಲ್ಲಿ ಪೆಟ್ರೋಲ್ ಅಥವಾ ಸೀಮೆಎಣ್ಣೆಯ ವಾಸನೆ ಇದ್ದಲ್ಲಿ, ಅಥವಾ ಮೇಲ್ಮೈಯಲ್ಲಿ ಕಾಮನಬಿಲ್ಲಿನ ಬಣ್ಣದ ಪದರ ಕಂಡಲ್ಲಿ, ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಹಾಗೂ ಜಾನುವಾರುಗಳಿಗೆ ಆ ನೀರನ್ನು ಬಳಸಬಾರದು.
• ನೀರನ್ನು ಕುದಿಸಿ ಬಳಸಲು ಯತ್ನಿಸಬಾರದು. ಬಿಸಿಯಾದಾಗ ಹೊರಬರುವ ಆವಿಗೆ ಒಲೆಯ ಬೆಂಕಿ ತಗುಲುವ ಸಂಭವವಿದೆ. ಬ್ಲೀಚಿಂಗ್ ಪುಡಿ ರೋಗಾಣುಗಳನ್ನು ಕೊಲ್ಲುತ್ತದೆಯೇ ಹೊರತು ಇಂಧನವನ್ನು ನಿವಾರಿಸುವುದಿಲ್ಲ.
• ಬಾವಿಯ ಪಂಪ್‌ಸೆಟ್ಟನ್ನು ಚಾಲೂ ಮಾಡಬಾರದು. ಬೆಂಕಿಕಡ್ಡಿ ಗೀರಿ ಬಾವಿಯೊಳಗೆ ಇಣುಕಬಾರದು. ಪರೀಕ್ಷಿಸಲು ಯಾರೂ ಬಾವಿಗೆ ಇಳಿಯಬಾರದು. ಸಂಗ್ರಹವಾದ ಆವಿಯಿಂದ ಪ್ರಜ್ಞೆ ತಪ್ಪಿ ಸಾವು ಸಂಭವಿಸಬಹುದು.
• ಗ್ರಾಮ ಪಂಚಾಯಿತಿ ಅಥವಾ ಪುರಸಭೆಗೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಹಾಗೂ ಅಗ್ನಿಶಾಮಕ ಠಾಣೆಗೆ ತಿಳಿಸಬೇಕು. ಅಕ್ಕಪಕ್ಕದ ಬಾವಿಗಳವರಿಗೂ ಎಚ್ಚರಿಕೆ ನೀಡಬೇಕು.

ವಾಸನೆ ಕಡಿಮೆಯಾದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ಭಾವಿಸಬಾರದು. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್‌ಕಾರಕವಾಗಿದ್ದು, ಪ್ರಯೋಗಾಲಯದ ಪರೀಕ್ಷೆಯ ನಂತರವೇ ನೀರಿನ ಬಳಕೆಯನ್ನು ಪುನರಾರಂಭಿಸಬೇಕು.

6. ಸಮುದ್ರದಲ್ಲಿ ತೈಲ ಸೋರಿಕೆ

6.1 ಹೊಣೆಗಾರಿಕೆ

ಸಮುದ್ರದಲ್ಲಿನ ತೈಲ ಸೋರಿಕೆಯನ್ನು ಎದುರಿಸಲು 1996ರಲ್ಲಿ ಪ್ರಕಟವಾದ ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ಯೋಜನೆಯು ಜಾರಿಯಲ್ಲಿದ್ದು, ಕಾಲಕಾಲಕ್ಕೆ ಪರಿಷ್ಕೃತಗೊಂಡಿದೆ. ಇದರ ಅನ್ವಯ ಭಾರತೀಯ ಕರಾವಳಿ ಕಾವಲು ಪಡೆಯು ಕೇಂದ್ರ ಸಮನ್ವಯ ಸಂಸ್ಥೆಯಾಗಿದೆ. ಬಂದರಿನ ಎಲ್ಲೆಯೊಳಗೆ ಬಂದರು ಆಡಳಿತವೂ, ತೀರವನ್ನು ಶುಚಿಗೊಳಿಸುವಲ್ಲಿ ರಾಜ್ಯ ಸರ್ಕಾರ ಹಾಗೂ ಜಿಲ್ಲಾಡಳಿತವೂ ಹೊಣೆ ಹೊರುತ್ತವೆ. ಸೋರಿಕೆಯನ್ನು ಪ್ರಮಾಣಕ್ಕೆ ಅನುಗುಣವಾಗಿ ಮೂರು ಹಂತಗಳಾಗಿ ವಿಂಗಡಿಸಲಾಗಿದೆ.

ಮೊದಲ ಹಂತ – 700 ಟನ್‌ವರೆಗೆ
ಎರಡನೇ ಹಂತ – 700ರಿಂದ 10,000 ಟನ್‌ವರೆಗೆ
ಮೂರನೇ ಹಂತ – 10,000 ಟನ್‌ಗಿಂತ ಹೆಚ್ಚು

ಕಾರವಾರದ 2006ರ ಸೋರಿಕೆಯು ಪ್ರಮಾಣದ ದೃಷ್ಟಿಯಿಂದ ಮೊದಲ ಹಂತದೊಳಗೇ ಬರುವಂಥದ್ದು. ಆದರೂ ಅದರ ಪರಿಣಾಮ ಎರಡು ರಾಜ್ಯಗಳ ತೀರವನ್ನು ಮುಟ್ಟಿತು. ಆದುದರಿಂದ ಪ್ರಮಾಣ ಒಂದರಿಂದಲೇ ಸೋರಿಕೆಯ ಗಂಭೀರತೆಯನ್ನು ಅಳೆಯಲಾಗದು. ಸ್ಥಳ ಮತ್ತು ಋತುಮಾನವೂ ಅಷ್ಟೇ ಮುಖ್ಯ.

6.2 ತೈಲದ ಚಲನೆ

ನೀರಿನ ಮೇಲಿನ ತೈಲದ ಪದರವು ಸಮುದ್ರದ ಒಳಹರಿವಿನೊಂದಿಗೆ ಸಾಗುವುದಲ್ಲದೆ, ಗಾಳಿಯ ವೇಗದ ಸುಮಾರು ಶೇಕಡಾ 3ರಷ್ಟು ವೇಗದಲ್ಲಿ ಗಾಳಿಯ ದಿಕ್ಕಿಗೂ ಚಲಿಸುತ್ತದೆ. ಉದಾಹರಣೆಗೆ, ಗಂಟೆಗೆ 30 ಕಿ.ಮೀ. ವೇಗದ ಗಾಳಿಯು ತೈಲವನ್ನು ಹತ್ತು ಗಂಟೆಗಳಲ್ಲಿ ಸುಮಾರು 9 ಕಿ.ಮೀ. ದೂರಕ್ಕೆ ಒಯ್ಯುತ್ತದೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಗಾಳಿ ಮತ್ತು ಒಳಹರಿವಿನ ಮಾಹಿತಿಯನ್ನು ಆಧರಿಸಿ ತೈಲವು ಯಾವ ತೀರವನ್ನು ಯಾವಾಗ ತಲುಪಬಹುದೆಂಬ ಮುನ್ಸೂಚನೆಯನ್ನು ನೀಡುತ್ತದೆ. ಮೀನುಗಾರರು ಸೋರಿಕೆಯನ್ನು ಕಂಡ ಸಮಯ, ಸ್ಥಳ, ಬಣ್ಣ ಮತ್ತು ಸಾಗುತ್ತಿರುವ ದಿಕ್ಕನ್ನು ನಿಖರವಾಗಿ ತಿಳಿಸಿದಲ್ಲಿ ಮುನ್ಸೂಚನೆಯು ಹೆಚ್ಚು ವಿಶ್ವಾಸಾರ್ಹವಾಗುತ್ತದೆ.

6.3 ತಡೆ ಮತ್ತು ಸಂಗ್ರಹಣೆ

ಬೂಮ್ ಎಂದು ಕರೆಯಲಾಗುವ ತೇಲುವ ತಡೆಬೇಲಿಗಳಿಂದ ತೈಲವನ್ನು ಸುತ್ತುವರಿದು, ಸ್ಕಿಮ್ಮರ್ ಎಂಬ ಯಂತ್ರಗಳಿಂದ ಮೇಲ್ಪದರವನ್ನು ಎತ್ತುವುದು ಅಪೇಕ್ಷಣೀಯ ವಿಧಾನ. ಆದರೆ ನೀರಿನ ಹರಿವು ಬೂಮ್‌ಗೆ ನೇರವಾಗಿ ಗಂಟೆಗೆ ಸುಮಾರು 1.3 ಕಿ.ಮೀ.ಗಿಂತ ಹೆಚ್ಚಾದರೆ ತೈಲವು ಅದರ ಅಡಿಯಿಂದ ನುಸುಳುತ್ತದೆ. ದೊಡ್ಡ ಅಲೆಗಳಿದ್ದಲ್ಲಿ ಮೇಲಿನಿಂದ ದಾಟುತ್ತದೆ. ಆದ್ದರಿಂದ ನದಿ ಮತ್ತು ಅಳಿವೆಗಳಲ್ಲಿ ಬೂಮ್‌ಗಳನ್ನು ಹರಿವಿಗೆ ಅಡ್ಡವಾಗಿ ಅಲ್ಲದೆ ಓರೆಯಾಗಿ ಹಾಕಿ, ತೈಲವನ್ನು ನಿಧಾನ ಹರಿವಿರುವ ದಡದ ಕಡೆಗೆ ತಿರುಗಿಸಲಾಗುತ್ತದೆ. ಮುಂಗಾರಿನ ತೆರೆದ ಸಮುದ್ರದಲ್ಲಿ ಈ ಸಾಧನಗಳ ಉಪಯೋಗ ಅತ್ಯಲ್ಪ. ಆ ಕಾಲದಲ್ಲಿ ಅಳಿವೆಗಳನ್ನು ರಕ್ಷಿಸುವುದು ಮತ್ತು ತೀರದಲ್ಲಿ ಸಂಗ್ರಹಿಸುವುದೇ ಉಳಿದಿರುವ ದಾರಿ.

6.4 ಚದುರಿಸುವ ರಾಸಾಯನಿಕಗಳು

ಡಿಸ್ಪರ್ಸೆಂಟ್ ಎಂಬ ರಾಸಾಯನಿಕಗಳು ತೈಲವನ್ನು ಸೂಕ್ಷ್ಮ ಹನಿಗಳಾಗಿ ಒಡೆದು ನೀರಿನ ಆಳಕ್ಕೆ ಚದುರಿಸುತ್ತವೆ. ಇವು ತೈಲವನ್ನು ಹೊರತೆಗೆಯುವುದಿಲ್ಲ. 1967ರಲ್ಲಿ ಇಂಗ್ಲೆಂಡಿನ ತೀರದ ಬಳಿ ಟೋರಿ ಕ್ಯಾನ್ಯನ್ ಹಡಗಿನ ಕಚ್ಚಾತೈಲ ಸೋರಿದಾಗ ಅಪಾರ ಪ್ರಮಾಣದ ಮಾರ್ಜಕಗಳನ್ನು ಬಳಸಲಾಯಿತು. ಅನೇಕ ಕಡೆಗಳಲ್ಲಿ ಬಂಡೆಗಳ ಮೇಲಿನ ಜೀವಿಗಳಿಗೆ ತೈಲಕ್ಕಿಂತ ಮಾರ್ಜಕಗಳಿಂದಲೇ ಹೆಚ್ಚು ಹಾನಿಯಾಯಿತು. ಭಾರತದಲ್ಲಿ ಇವುಗಳ ಬಳಕೆಗೆ ಕರಾವಳಿ ಕಾವಲು ಪಡೆಯ ಅನುಮತಿ ಕಡ್ಡಾಯ. ಕಡಿಮೆ ಆಳದ ನೀರು, ಕಾಂಡ್ಲಾವನ, ಮೀನು ಮರಿಗಳ ನೆಲೆಗಳ ಸಮೀಪ ಇವುಗಳನ್ನು ಬಳಸಬಾರದು. ಯಾವುದೇ ವ್ಯಕ್ತಿ ಅಥವಾ ಸಂಘ ಸಂಸ್ಥೆಗಳು ಸ್ವಇಚ್ಛೆಯಿಂದ ಸಮುದ್ರಕ್ಕೆ ರಾಸಾಯನಿಕಗಳನ್ನು ಸುರಿಯಬಾರದು.

7. ತೀರವನ್ನು ಶುಚಿಗೊಳಿಸುವುದು

7.1 ತೈಲ ಬರುವ ಮುನ್ನ

ತೈಲವು ತೀರದತ್ತ ಬರುತ್ತಿದೆಯೆಂಬ ಮುನ್ಸೂಚನೆ ದೊರೆತ ಕೂಡಲೇ ಮರಳಿನ ಮೇಲಿರುವ ಪ್ಲಾಸ್ಟಿಕ್, ಮರದ ತುಂಡು, ಹರಿದ ಬಲೆ ಮೊದಲಾದ ಕಸವನ್ನು ಭರತದ ಗೆರೆಯಿಂದ ಮೇಲಕ್ಕೆ ಸಾಗಿಸಬೇಕು. ತೈಲ ತಗುಲಿದ ನಂತರ ಈ ಕಸವೆಲ್ಲವೂ ಅಪಾಯಕಾರಿ ತ್ಯಾಜ್ಯವಾಗಿ ವಿಲೇವಾರಿಯ ಹೊರೆ ಹಲವು ಪಟ್ಟು ಹೆಚ್ಚುತ್ತದೆ. ದೋಣಿ ಮತ್ತು ಬಲೆಗಳನ್ನು ಮೇಲಕ್ಕೆ ಎಳೆದಿಡಬೇಕು. ಗಜನಿ ಭೂಮಿ ಮತ್ತು ಸಿಗಡಿ ಕೆರೆಗಳ ತೂಬುಗಳನ್ನು ಮುಚ್ಚಬೇಕು.

7.2 ತೀರದ ಸ್ವರೂಪಕ್ಕೆ ತಕ್ಕ ವಿಧಾನ

ಮರಳಿನ ತೀರ: ಸಲಿಕೆ, ಬಾಂಡಲಿ, ಕುಂಟೆಗಳಿಂದ ಕೈಯಾರೆ ಸಂಗ್ರಹಿಸುವುದು ಉತ್ತಮ. ತೈಲವಿರುವ ಪದರವನ್ನು ಮಾತ್ರ ತೆಗೆಯಬೇಕು. ಭಾರಿ ಯಂತ್ರಗಳು ತೈಲವನ್ನು ಮರಳಿನ ಆಳಕ್ಕೆ ತಳ್ಳುವುದಲ್ಲದೆ, ಅನಗತ್ಯವಾಗಿ ಮರಳನ್ನು ಹೊತ್ತೊಯ್ದು ಕಡಲಕೊರೆತಕ್ಕೆ ಕಾರಣವಾಗಬಹುದು. ಕಡಲಾಮೆ ಮೊಟ್ಟೆಯಿಡುವ ತೀರಗಳಲ್ಲಿ ಅರಣ್ಯ ಇಲಾಖೆಯ ಮಾರ್ಗದರ್ಶನ ಪಡೆಯಬೇಕು.

ಬಂಡೆಗಳ ತೀರ: ದಪ್ಪ ತೈಲವನ್ನು ಹೀರುವ ಹಾಸುಗಳಿಂದ ಒರೆಸಿ ತೆಗೆಯಬೇಕು. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಸುಮಾರು 37,000 ಟನ್ ಕಚ್ಚಾತೈಲ ಸೋರಿದ ನಂತರ ತೀರವನ್ನು ಅಧಿಕ ಒತ್ತಡದ ಬಿಸಿನೀರಿನಿಂದ ತೊಳೆಯಲಾಯಿತು. ತೈಲದಿಂದ ಬದುಕುಳಿದಿದ್ದ ಚಿಪ್ಪುಜೀವಿ, ಪಾಚಿಗಳೂ ಇದರಿಂದ ನಾಶವಾದವು. ಕಣ್ಣಿಗೆ ಸ್ವಚ್ಛವಾಗಿ ಕಾಣುವುದು ಮತ್ತು ತೀರವು ಚೇತರಿಸಿಕೊಳ್ಳುವುದು ಬೇರೆ ಬೇರೆ ಎಂಬುದಕ್ಕೆ ಇದು ನಿದರ್ಶನ.

ಅಳಿವೆ ಮತ್ತು ಕಾಂಡ್ಲಾವನ: ಇವು ಅತ್ಯಂತ ಸೂಕ್ಷ್ಮ ಪ್ರದೇಶಗಳು. ಕಾಂಡ್ಲಾ ಗಿಡಗಳು ಉಸಿರಾಡುವ ಬೇರುಗಳಿಗೆ ತೈಲ ಮೆತ್ತಿಕೊಂಡರೆ ಗಿಡಗಳು ಸಾಯಬಹುದು. ಕೆಸರಿನಲ್ಲಿ ಸೇರಿದ ತೈಲವು ವರ್ಷಗಟ್ಟಲೆ ಉಳಿಯುತ್ತದೆ. 2024ರಲ್ಲಿ ರಾಮ್ಸಾರ್ ತಾಣವೆಂದು ಘೋಷಿತವಾದ ಅಘನಾಶಿನಿ ಅಳಿವೆಯಂತಹ ಪ್ರದೇಶಗಳಲ್ಲಿ ಚಿಪ್ಪು ಆಯ್ದು ಬದುಕುವ ಕುಟುಂಬಗಳಿಗೆ ಈ ಕೆಸರೇ ಅನ್ನದ ಮೂಲ. ಇಲ್ಲಿ ಜನರು ಒಳನುಗ್ಗಿ ತುಳಿದಾಡುವುದರಿಂದ ತೈಲವು ಇನ್ನಷ್ಟು ಆಳಕ್ಕಿಳಿಯುತ್ತದೆ. ತೈಲವು ಅಳಿವೆಬಾಗಿಲನ್ನು ದಾಟದಂತೆ ತಡೆಯುವುದಕ್ಕೇ ಮೊದಲ ಆದ್ಯತೆ ನೀಡಬೇಕು. ಒಳಹೊಕ್ಕ ತೈಲವನ್ನು ದೋಣಿಗಳಿಂದ, ತಜ್ಞರ ಮೇಲ್ವಿಚಾರಣೆಯಲ್ಲಿ ಮಾತ್ರ ತೆಗೆಯಬೇಕು.

7.3 ಸ್ವಯಂಸೇವಕರ ಸುರಕ್ಷತೆ

2017ರ ಜನವರಿ 28ರಂದು ಚೆನ್ನೈ ಸಮೀಪದ ಎಣ್ಣೂರು ಬಂದರಿನ ಬಳಿ ಎರಡು ಹಡಗುಗಳು ಡಿಕ್ಕಿ ಹೊಡೆದವು. ಸೋರಿಕೆಯ ಪ್ರಮಾಣವನ್ನು ಆರಂಭದಲ್ಲಿ ಅತ್ಯಲ್ಪವೆಂದು ಅಂದಾಜಿಸಲಾಗಿತ್ತು. ದಿನಗಳು ಕಳೆದಂತೆ ದಪ್ಪ ತೈಲದ ಮುದ್ದೆಗಳು ಬಂಡೆಗಳ ನಡುವೆ ತುಂಬಿಕೊಂಡವು. ಯಂತ್ರಗಳು ಅವುಗಳನ್ನು ಎಳೆಯಲಾರದೆ ಹೋದಾಗ ಕಾರ್ಮಿಕರು, ವಿದ್ಯಾರ್ಥಿಗಳು ಹಾಗೂ ಮೀನುಗಾರರು ಬಕೆಟ್ಟುಗಳಿಂದಲೇ ತೈಲವನ್ನು ಎತ್ತಿದರು. ಮೊದಲ ಅಂದಾಜು ಕಡಿಮೆಯಿದ್ದರೂ ಸಿದ್ಧತೆಯನ್ನು ಕಡಿಮೆ ಮಾಡಬಾರದೆಂಬುದು ಈ ಘಟನೆಯ ಮುಖ್ಯ ಪಾಠ. ಸೇವೆಗೆ ಮುಂದಾಗುವವರ ಆರೋಗ್ಯವನ್ನು ಕಾಪಾಡುವುದು ಆಡಳಿತದ ಕರ್ತವ್ಯವೆಂಬುದು ಇನ್ನೊಂದು.

• ಜಿಲ್ಲಾಡಳಿತದಲ್ಲಿ ನೋಂದಾಯಿಸಿಕೊಂಡು, ಸೂಚಿಸಿದ ಜಾಗದಲ್ಲಿ ಮಾತ್ರ ಕೆಲಸ ಮಾಡಬೇಕು.
• ತೈಲ ನಿರೋಧಕ ಕೈಗವಸು, ಮೊಣಕಾಲುದ್ದದ ಗಂಬೂಟು, ಪೂರ್ಣತೋಳಿನ ಉಡುಪು, ಕಣ್ಣಿನ ರಕ್ಷಣೆ ಕಡ್ಡಾಯ. ಬಟ್ಟೆಯ ಮುಖಗವಸು ತೈಲದ ಆವಿಯನ್ನು ತಡೆಯುವುದಿಲ್ಲ.
• ಮಕ್ಕಳು, ಗರ್ಭಿಣಿಯರು ಹಾಗೂ ಉಬ್ಬಸದ ತೊಂದರೆ ಇರುವವರು ಭಾಗವಹಿಸಬಾರದು.
• ತಲೆನೋವು, ತಲೆಸುತ್ತು, ವಾಕರಿಕೆ ಕಂಡುಬಂದ ಕೂಡಲೇ ಕೆಲಸ ನಿಲ್ಲಿಸಿ ವೈದ್ಯರನ್ನು ಕಾಣಬೇಕು.
• ಮೈಗೆ ಅಂಟಿದ ತೈಲವನ್ನು ಪೆಟ್ರೋಲ್ ಅಥವಾ ಸೀಮೆಎಣ್ಣೆಯಿಂದ ಉಜ್ಜಬಾರದು. ಅಡುಗೆ ಎಣ್ಣೆ ಹಚ್ಚಿ ಒರೆಸಿ, ನಂತರ ಸಾಬೂನಿನಿಂದ ತೊಳೆಯಬೇಕು.
• ತೈಲ ಮೆತ್ತಿದ ಪಕ್ಷಿ, ಕಡಲಾಮೆಗಳನ್ನು ತೊಳೆಯಲು ಅಥವಾ ಸಮುದ್ರಕ್ಕೆ ಬಿಡಲು ಯತ್ನಿಸದೆ ಅರಣ್ಯ ಇಲಾಖೆಗೆ ತಿಳಿಸಬೇಕು.

8. ಸಂಗ್ರಹಿಸಿದ ತ್ಯಾಜ್ಯದ ವಿಲೇವಾರಿ

ತೈಲ ಬೆರೆತ ಮರಳು, ಹೀರುವ ವಸ್ತುಗಳು, ಕೈಗವಸುಗಳನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿ, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅಧಿಕೃತ ಘಟಕಗಳಿಗೇ ಕಳುಹಿಸಬೇಕು. ತೀರದಲ್ಲಿ ತಾತ್ಕಾಲಿಕವಾಗಿ ಇಡುವಾಗ ಭರತದ ಗೆರೆಯಿಂದ ಮೇಲೆ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಯಲ್ಲಿ ಅಥವಾ ಪೀಪಾಯಿಗಳಲ್ಲಿ ಇಟ್ಟು, ಮಳೆನೀರು ಸೇರದಂತೆ ಟಾರ್ಪಾಲಿನಿಂದ ಮುಚ್ಚಬೇಕು. ದ್ರವ ತೈಲ, ತೈಲಮಿಶ್ರಿತ ಮರಳು ಮತ್ತು ಕಸವನ್ನು ಬೇರೆ ಬೇರೆಯಾಗಿ ಇಡಬೇಕು. ತೀರದಲ್ಲಿ ಹೂಳುವುದು ಅಥವಾ ಸುಡುವುದು ನಿಷಿದ್ಧ. ಹೂತ ತೈಲವನ್ನು ಮುಂದಿನ ಮಳೆಗಾಲದ ಅಲೆಗಳು ಮರಳಿ ಹೊರತೆಗೆಯುತ್ತವೆ.

ಕೊನೆಯಲ್ಲಿ ಮಣ್ಣಿನಲ್ಲಿ ಉಳಿಯುವ ಅಲ್ಪ ತೈಲವನ್ನು ಸೂಕ್ಷ್ಮಾಣುಜೀವಿಗಳ ಸಹಾಯದಿಂದ ಕರಗಿಸುವ ವಿಧಾನಗಳೂ ನಮ್ಮ ದೇಶದಲ್ಲಿ ಬಳಕೆಯಲ್ಲಿವೆ. ಇವು ತಿಂಗಳುಗಟ್ಟಲೆ ಕಾಲ ತೆಗೆದುಕೊಳ್ಳುವುದರಿಂದ ಸಂಗ್ರಹಣೆಗೆ ಪರ್ಯಾಯವಲ್ಲ.

9. ಪ್ರಥಮ ಚಿಕಿತ್ಸೆ

• ಇಂಧನವನ್ನು ನುಂಗಿದವರಿಗೆ ಯಾವುದೇ ಕಾರಣಕ್ಕೂ ವಾಂತಿ ಮಾಡಿಸಬಾರದು. ವಾಂತಿಯ ವೇಳೆ ಇಂಧನವು ಶ್ವಾಸಕೋಶ ಸೇರಿದರೆ ಪ್ರಾಣಾಪಾಯ ಉಂಟಾಗುತ್ತದೆ. ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಇದೇ ಕಾರಣಕ್ಕಾಗಿ ಕೊಳವೆಯ ಮೂಲಕ ಬಾಯಿಂದ ಪೆಟ್ರೋಲ್ ಎಳೆಯುವ ಅಭ್ಯಾಸವನ್ನು ಕೈಬಿಡಬೇಕು.
• ಕಣ್ಣಿಗೆ ಬಿದ್ದಲ್ಲಿ ಕನಿಷ್ಠ 15 ನಿಮಿಷಗಳ ಕಾಲ ಶುದ್ಧ ನೀರಿನಿಂದ ತೊಳೆಯಬೇಕು.
• ಇಂಧನದಿಂದ ತೊಯ್ದ ಬಟ್ಟೆಗಳನ್ನು ಕೂಡಲೇ ಕಳಚಿ, ಬೆಂಕಿಯಿಂದ ದೂರವಿಟ್ಟು, ಮೈಯನ್ನು ಸಾಬೂನು ಮತ್ತು ನೀರಿನಿಂದ ತೊಳೆಯಬೇಕು.
• ಆವಿಯಿಂದ ಅಸ್ವಸ್ಥರಾದವರನ್ನು ತೆರೆದ ಗಾಳಿಗೆ ಕರೆತರಬೇಕು. ಆವಿ ತುಂಬಿದ ಇಕ್ಕಟ್ಟಾದ ಜಾಗಕ್ಕೆ ಉಸಿರಾಟದ ಸಾಧನವಿಲ್ಲದೆ ರಕ್ಷಣೆಗೆಂದು ಇಳಿಯಬಾರದು.

10. ನಷ್ಟ ಪರಿಹಾರ

ಮಾಲಿನ್ಯಕ್ಕೆ ಕಾರಣರಾದವರೇ ಅದರ ವೆಚ್ಚವನ್ನು ಭರಿಸಬೇಕೆಂಬುದು ನಮ್ಮ ದೇಶದ ಕಾನೂನು ಒಪ್ಪಿಕೊಂಡಿರುವ ತತ್ವ. ಹಡಗುಗಳ ಸ್ವಂತ ಇಂಧನದಿಂದಾಗುವ ಮಾಲಿನ್ಯಕ್ಕೆ ಹಡಗಿನ ಮಾಲೀಕರನ್ನು ಹೊಣೆಯಾಗಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವು 2015ರಲ್ಲಿ ಸೇರಿದೆ. 2011ರಲ್ಲಿ ಮುಂಬಯಿ ತೀರದ ಬಳಿ ಮುಳುಗಿದ ಎಂ.ವಿ. ರಾಕ್ ಕ್ಯಾರಿಯರ್ ಹಡಗಿನ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ 100 ಕೋಟಿ ರೂಪಾಯಿಗಳ ಪರಿಸರ ಪರಿಹಾರವನ್ನು ವಿಧಿಸಿತು. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯನ್ವಯ ಪರಿಹಾರದ ಅರ್ಜಿಯನ್ನು ಸಾಮಾನ್ಯವಾಗಿ ಐದು ವರ್ಷಗಳೊಳಗೆ ಸಲ್ಲಿಸಬೇಕು.

ಪರಿಹಾರವು ದಾಖಲೆಗಳನ್ನು ಅವಲಂಬಿಸಿರುತ್ತದೆ. ಮೀನುಗಾರರು ಹಾನಿಗೊಳಗಾದ ಬಲೆ, ದೋಣಿಗಳ ದಿನಾಂಕಸಹಿತ ಛಾಯಾಚಿತ್ರ, ಹಿಂದಿನ ವರ್ಷಗಳ ಮೀನು ಮಾರಾಟದ ರಸೀದಿಗಳು, ಕಡಲಿಗಿಳಿಯಲಾಗದ ದಿನಗಳ ವಿವರವನ್ನು ಇಟ್ಟುಕೊಳ್ಳಬೇಕು. ಹಾಳಾದ ಬಲೆಗಳನ್ನು ಪರಿಶೀಲನೆಯಾಗುವವರೆಗೆ ಎಸೆಯಬಾರದು. ಚಿಪ್ಪು ಆಯುವವರು ಮತ್ತು ಮೀನು ಮಾರುವ ಮಹಿಳೆಯರ ಬಳಿ ರಸೀದಿಗಳು ಇರುವುದು ವಿರಳವಾದ್ದರಿಂದ, ಗ್ರಾಮ ಪಂಚಾಯಿತಿ ಮತ್ತು ಮೀನುಗಾರರ ಸಹಕಾರ ಸಂಘಗಳು ಇವರ ಹೆಸರು ಹಾಗೂ ನಷ್ಟದ ವಿವರವನ್ನು ಘಟನೆಯಾದ ಕೂಡಲೇ ದಾಖಲಿಸುವುದು ಅವಶ್ಯ.

11. ಸಾರಾಂಶ

ಮಾಡಬೇಕಾದವು:
• ದೂರ ಸರಿಯುವುದು, ಇತರರನ್ನು ಸರಿಸುವುದು, ತಿಳಿಸುವುದು.
• ಫಲಕದ ಮೇಲಿನ ಸಂಖ್ಯೆಯನ್ನು ದೂರದಿಂದ ಗುರುತಿಸುವುದು.
• ಸುರಕ್ಷಿತವಾಗಿದ್ದಲ್ಲಿ ಮಾತ್ರ, ಚರಂಡಿ ಮತ್ತು ಹಳ್ಳ ಸೇರದಂತೆ ಮಣ್ಣು, ಮರಳಿನಿಂದ ತಡೆಯುವುದು.
• ಹಳೆಯ ಎಂಜಿನ್ ಎಣ್ಣೆಯನ್ನು ಅಧಿಕೃತ ಸಂಗ್ರಾಹಕರಿಗೇ ನೀಡುವುದು.

ಮಾಡಬಾರದವು:
• ಚೆಲ್ಲಿದ ಇಂಧನವನ್ನು ತುಂಬಿಕೊಳ್ಳುವುದು.
• ನೀರು ಅಥವಾ ಸಾಬೂನಿನಿಂದ ತೊಳೆದು ಹರಿಯಬಿಡುವುದು.
• ತೈಲವಿರುವ ನೀರಿನಲ್ಲಿ ಮೀನು ಹಿಡಿಯುವುದು, ಅಲ್ಲಿಯ ಚಿಪ್ಪುಗಳನ್ನು ಆಯ್ದು ತಿನ್ನುವುದು ಅಥವಾ ಮಾರುವುದು.
• ತೈಲತ್ಯಾಜ್ಯವನ್ನು ಹೂಳುವುದು, ಸುಡುವುದು.

12. ತುರ್ತು ದೂರವಾಣಿ ಸಂಖ್ಯೆಗಳು

ಎಲ್ಲ ತುರ್ತು ಸೇವೆಗಳು – 112
ಅಗ್ನಿಶಾಮಕ ಸೇವೆ – 101
ಆಂಬ್ಯುಲೆನ್ಸ್ – 108
ಭಾರತೀಯ ಕರಾವಳಿ ಕಾವಲು ಪಡೆ (ಸಮುದ್ರದಲ್ಲಿನ ಘಟನೆಗಳಿಗೆ) – 1554

ಕರೆ ಮಾಡುವಾಗ ಸ್ಥಳ, ಸಮಯ, ತೈಲದ ವಿಧ ಅಥವಾ ಫಲಕದ ಸಂಖ್ಯೆ, ಅಂದಾಜು ಪ್ರಮಾಣ, ಹರಿಯುತ್ತಿರುವ ದಿಕ್ಕು, ಸಮೀಪದ ನೀರಿನ ಮೂಲ ಹಾಗೂ ಗಾಯಾಳುಗಳ ಸಂಖ್ಯೆಯನ್ನು ತಿಳಿಸಬೇಕು. ಎಲ್ಲ ವಿವರ ತಿಳಿಯುವವರೆಗೆ ಕಾಯಬೇಕಾಗಿಲ್ಲ. ತಿಳಿದಷ್ಟನ್ನು ಕೂಡಲೇ ತಿಳಿಸುವುದು ಮುಖ್ಯ. ಮೊದಲ ಕರೆಯು ಎಷ್ಟು ಬೇಗ ಬರುತ್ತದೆಯೋ, ತೈಲವನ್ನು ಹೊಳೆಗೆ ಸೇರುವ ಮುನ್ನವೇ ತಡೆಯುವ ಅವಕಾಶವೂ ಅಷ್ಟೇ ಹೆಚ್ಚು.